ನೆಲ ಸವರುವ ಕೈ

ಮನೆಗೆ ಬಂದ ನಾಲ್ಕನೆಯ ಬೆಳಗ್ಗೆ ಶಿನ್ಯಾ ಹಮಾಗುಚಿಗೆ ಬೀಳ್ಕೊಡುಗೆ ನಡೆಯಿತು. ಜಗನ್ನಾಥರು ಶಾಲು ಹೊದಿಸಿದರು. ಅವರ ಹೆಂಡತಿ ಇಂದುಮತಿಯವರು ಹಣ್ಣಿನ ಬುಟ್ಟಿ ಕೈಗಿಟ್ಟು, ಅದರ ಮೇಲೊಂದು ಡಬ್ಬಿ ಚಟ್ನಿಪುಡಿಯನ್ನೂ ಇಟ್ಟರು. ಜಪಾನಿನ ಆ ಬೇಸ್‌ಬಾಲ್ ಆಟಗಾರ ಸೊಂಟ ಬಗ್ಗಿಸಿ ಮೂರು ಸಲ ವಂದಿಸಿದ. ಅವನ ಕಣ್ಣು ಒದ್ದೆಯಾದಂತೆ ಕಂಡಿತು. ಆಮೇಲೆ ಶಾಲು, ಬುಟ್ಟಿ, ಡಬ್ಬಿ ಮೂರನ್ನೂ ಜೋಪಾನವಾಗಿ ಎತ್ತಿಕೊಂಡು ಮೆಟ್ಟಿಲು ಹತ್ತಿ, ತನ್ನ ಕೋಣೆಗೆ ಹೋಗಿ ಮಲಗಿಬಿಟ್ಟ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ರೀ, ಇವನು ಹೊರಡಲ್ವಾ?” ಅಂದರು ಇಂದುಮತಿಯವರು.

“ಹೊರಡ್ತಾನೆ ಇರು. ಫ್ಲೈಟು ಸಾಯಂಕಾಲ ಇರ್ಬೇಕು.”

ಸಾಯಂಕಾಲ ಅವನು ಕೆಳಗಿಳಿದು ಬಂದು ಊಟಕ್ಕೆ ಕೂತ. ಜಗನ್ನಾಥರು ಮೆಲ್ಲಗೆ ಎದ್ದುಹೋಗಿ ತಾವೇ ಸಹಿ ಹಾಕಿದ್ದ ಫಾರ್ಮನ್ನು ಹುಡುಕಿ, ಅದರ ಎರಡನೆಯ ಪುಟವನ್ನು ಮೊದಲ ಸಲ ಓದಿದರು. ಅತಿಥಿ ಇರುವುದು ಸೆಪ್ಟೆಂಬರ್ ನಡುವಿನ ತನಕ ಎಂದು ಅಲ್ಲಿ ಬರೆದಿತ್ತು. ಆಗಿನ್ನೂ ಮೇ ತಿಂಗಳು.

ಪಾಪ, ಅವರದೂ ತಪ್ಪಲ್ಲ. ಚಿಕಾಗೊ ಹತ್ತಿರದ ವುಡ್‌ರಿಡ್ಜ್‌ನ ಆ ಮನೆ ಮೊದಲಿಂದಲೂ ಸಂಗೀತಗಾರರ ಬಿಡದಿ. ಮೈಸೂರು, ಬೆಂಗಳೂರು ಕಡೆಯಿಂದ ಚಿಕಾಗೊಗೆ ಕಚೇರಿ ಕೊಡಲು ಬರುವ ಗಾಯಕರು, ವೀಣೆಯವರು, ಮೃದಂಗದವರು ಇಳಿಯುತ್ತಿದ್ದದ್ದೇ ಅಲ್ಲಿ. ಶುಕ್ರವಾರ ಬರುತ್ತಾರೆ, ಶನಿವಾರ ಕಚೇರಿ, ಭಾನುವಾರ ಲೆಮಾಂಟ್ ದೇವಸ್ಥಾನ, ಸೋಮವಾರ ಶಾಲು ಹೊದ್ದು ವಿಮಾನ ಹತ್ತುತ್ತಾರೆ. ಊರಿನ ಲೈಬ್ರರಿಯ ಬೋರ್ಡಿನಲ್ಲಿ ‘ನಮ್ಮ ಬೇಸ್‌ಬಾಲ್ ತಂಡದ ಆಟಗಾರರಿಗೆ ಆತಿಥ್ಯ ಕೊಡುವ ಮನೆಗಳು ಬೇಕು’ ಅನ್ನುವ ಚೀಟಿ ಕಂಡಾಗ ಜಗನ್ನಾಥರು ಇದನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು. ಇಡೀ ಜನ್ಮ ಸೇತುವೆಗಳ ನಕ್ಷೆಯನ್ನು ಒಂದು ಗೆರೆ ಬಿಡದೆ ಓದಿದ ಇಂಜಿನಿಯರು ಅವರು. ರಿಟೈರ್ ಆದ ಮೇಲೆ ಯಾವ ಕಾಗದಕ್ಕೂ ಎರಡನೆಯ ಪುಟ ಇರುತ್ತದೆ ಎನ್ನುವುದನ್ನೇ ಮರೆತಿದ್ದರು.

ಶಾಲು ಕೊಟ್ಟಾಗಿದೆ, ಇನ್ನು ಹೋಗು ಅನ್ನುವುದು ಹೇಗೆ? ಸಿಯಾಟಲ್‌ನಲ್ಲಿರುವ ಮಗಳು ನಿಹಾರಿಕಾಳ ಕೋಣೆ ಹೇಗೂ ಖಾಲಿ ಇತ್ತು. ಹೀಗೆ ಮೂರು ದಿನದ ಅತಿಥಿ ಆರು ಬೇಸಿಗೆ ಉಳಿದ.

ಅವನ ಆಟವನ್ನು ಇಂದುಮತಿಯವರು ಮೊದಲು ನೋಡಿದ ದಿನವನ್ನು ಜಗನ್ನಾಥರು ಈಗಲೂ ಬಂದವರ ಮುಂದೆ ಹೇಳಿ ಹೆಂಡತಿಯನ್ನು ಗೋಳುಹೊಯ್ದುಕೊಳ್ಳುತ್ತಾರೆ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಅನ್ನುತ್ತಾರೆ. ಮೈದಾನದ ನಡುವೆ ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಕೈಯನ್ನು ತಲೆಯ ಮೇಲೆತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎಸೆಯುತ್ತಾನೆ. ಶಿನ್ಯಾ ಬಂದು ನಿಂತ. ಎಡಗಾಲನ್ನು ಮುಂದೆ ಚಾಚಿದ, ಬಗ್ಗಿದ, ಇನ್ನೂ ಬಗ್ಗಿದ, ಹೆಗಲು ಮೊಣಕಾಲಿನ ಮಟ್ಟಕ್ಕೆ ಇಳಿಯಿತು.

“ಅಯ್ಯೋ ಬಿದ್ದ! ರೀ, ಹುಡುಗ ಬಿದ್ದ!” ಎಂದು ಇಂದುಮತಿಯವರು ಎದ್ದು ನಿಂತು ಕೂಗಿಬಿಟ್ಟರು. ಸುತ್ತಲಿನ ನಾಲ್ಕು ಸಾಲಿನ ಜನ ತಿರುಗಿ ನೋಡಿದರು.

ಹುಡುಗ ಬೀಳಲಿಲ್ಲ. ಅವನ ಬಲಗೈ ನೆಲವನ್ನು ಸವರಿಕೊಂಡು ಬಂತು. ಬೆರಳಿನ ಗೆಣ್ಣು ತಾಗಿ ಒಂದಿಷ್ಟು ಧೂಳೆದ್ದಿತು. ಚೆಂಡು ಮಣ್ಣಿನಿಂದಲೇ ಎದ್ದು ಬಂದ ಹಾಗೆ ಕೆಳಗಿನಿಂದ ಮೇಲಕ್ಕೆ ಹೊರಟಿತು. ವೇಗ ಗಂಟೆಗೆ ಎಪ್ಪತ್ತನಾಲ್ಕೇ ಮೈಲಿ. ಉಳಿದ ಪಿಚರುಗಳು ತೊಂಬತ್ತು ದಾಟಿಸುತ್ತಾರೆ. ಆದರೂ ಆರಡಿ ಮೂರಂಗುಲದ ಬ್ಯಾಟರ್ ತನ್ನ ದೊಣ್ಣೆಯನ್ನು ಸುಮ್ಮನೆ ಗಾಳಿಯಲ್ಲಿ ಬೀಸಿ, ಚೆಂಡು ಎಲ್ಲಿ ಹೋಯಿತೆಂದು ಹಿಂದೆ ತಿರುಗಿ ನೋಡಿದ. ಇಂದುಮತಿಯವರು ಕೂತರು. ಅವತ್ತಿನಿಂದ ಅವನ ಒಂದು ಪಂದ್ಯವನ್ನೂ ಬಿಡಲಿಲ್ಲ.

“ಯಾಕೋ ಹಾಗೆ ಎಸೀತೀಯ? ಸೊಂಟ ಉಳಿಯತ್ತಾ?” ಎಂದು ಆಕೆ ಒಂದು ದಿನ ದೋಸೆ ಹಾಕುತ್ತಾ ಕೇಳಿದರು. ಇಬ್ಬರ ನಡುವೆ ನಡೆಯುತ್ತಿದ್ದದ್ದು ಹರಕುಮುರುಕು ಇಂಗ್ಲಿಷ್. ಆಕೆಯದು ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಕನ್ನಡಕ್ಕೆ ಜಾರುತ್ತಿತ್ತು, ಅವನದು ಮೌನಕ್ಕೆ ಜಾರುತ್ತಿತ್ತು. ಆ ದಿನ ಮಾತ್ರ ಅವನು ಮೂರು ದೋಸೆ ಮುಗಿಯುವಷ್ಟು ಹೊತ್ತು ಮಾತಾಡಿದ.

ಅವನ ತಂದೆ ಸಮುದ್ರದ ದಂಡೆಯ ಸಣ್ಣ ಊರೊಂದರಲ್ಲಿ ಕ್ಷೌರದಂಗಡಿ ಇಟ್ಟಿದ್ದರು. ತಾಯಿ ಅವನಿಗೆ ಒಂಬತ್ತಾಗಿದ್ದಾಗಲೇ ತೀರಿಕೊಂಡಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಶಾಲೆಯ ತಂಡದಲ್ಲಿ ಅವನು ಎಂಟನೆಯ ಪಿಚರ್, ಅಂದರೆ ಚೆಂಡು ಒರೆಸಿಕೊಡುವವನು. ಕೋಚ್ ಒಂದು ದಿನ ಕರೆದು, “ನೀನು ಇನ್ನು ಉದ್ದ ಬೆಳೆಯಲ್ಲ, ನಿನಗೆ ವೇಗವೂ ಬರಲ್ಲ. ಬೇರೆ ಯಾರೂ ಎಸೆಯದ ಜಾಗದಿಂದ ಎಸೆ” ಅಂದರಂತೆ. ಯಾರೂ ಎಸೆಯದ ಜಾಗವೆಂದರೆ ಮೊಣಕಾಲಿನ ಕೆಳಗೆ ಮಾತ್ರ ಉಳಿದಿತ್ತು. ಅಂಗಡಿಯ ಹಿಂದೆ ಎರಡು ಕಂಬಗಳ ನಡುವೆ ಮೊಣಕಾಲೆತ್ತರಕ್ಕೆ ಹಗ್ಗ ಕಟ್ಟಿಕೊಂಡು, ಕೈ ಹಗ್ಗಕ್ಕೆ ತಾಗದ ಹಾಗೆ ಎರಡು ವರ್ಷ ಎಸೆದ. ಶಾಲೆ ಮುಗಿದ ಮೇಲೆ ಒಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ, ಅಲ್ಲಿನ ತಂಡದಲ್ಲಿ ಆಟ. ದೊಡ್ಡ ತಂಡಗಳವರು ಬಂದರು, ನೋಡಿದರು, ನಕ್ಕರು, ಹೋದರು. ಇಪ್ಪತ್ತೆಂಟು ತುಂಬಿದಾಗ ಒಂದು ಚೀಲ ಹಿಡಿದು ಚಿಕಾಗೊಗೆ ಬಂದಿಳಿದ.

ಇಲ್ಲಿ ಅವನಿಗೆ ಸಿಕ್ಕಿದ್ದು ದೊಡ್ಡ ತಂಡಗಳ ಸಂಬಂಧವಿಲ್ಲದ, ಊರಿನವರೇ ನಡೆಸುವ ಸಣ್ಣ ಲೀಗು. ಅಲ್ಲಿ ಯಾರ ಕೆಲಸಕ್ಕೂ ಭದ್ರತೆಯಿಲ್ಲ. ಯಾವ ಬೆಳಗ್ಗೆ ಬೇಕಾದರೂ ಮ್ಯಾನೇಜರ್ ಕರೆದು, ಥ್ಯಾಂಕ್ಸ್, ಇನ್ನು ಬೇಡ ಅನ್ನಬಹುದು. ಹಾಗಂದರೆ ಶಿನ್ಯಾನಿಗೆ ಕೆಲಸದ ಜೊತೆ ವೀಸಾವೂ ಹೋಗುತ್ತದೆ. ಅವನ ಎಸೆತಕ್ಕೂ ಆಯುಷ್ಯ ಕಡಿಮೆ, ಹೊಸ ಬ್ಯಾಟರುಗಳಿಗೆ ಮೊದಲ ಸಲ ಅರ್ಥವಾಗದು, ನಾಲ್ಕನೆಯ ಸಲಕ್ಕೆ ಕಣ್ಣು ಪಳಗುತ್ತದೆ. ಆದ್ದರಿಂದ ಪ್ರತಿ ವಾರ ಬೆರಳಿನ ಹಿಡಿತವನ್ನು ಕೂದಲೆಳೆಯಷ್ಟು ಬದಲಿಸುತ್ತಲೇ ಇರಬೇಕು. ದಿನಾ ಬೆಳಗ್ಗೆ ಫೋನು ಸದ್ದಾದರೆ ಸಾಕು, ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಇಂದುಮತಿಯವರಿಗೆ ಅದು ಕಂಡಾಗಲೆಲ್ಲ ಕರುಳು ಚುರುಕ್ಕೆನ್ನುತ್ತಿತ್ತು. ಕೊನೆಗೆ ಅವರು ಮನೆಯ ಫೋನನ್ನೇ ಗ್ಯಾರೇಜಿಗೆ ಸಾಗಿಸಿದರು.

ಗ್ಯಾರೇಜಿನಲ್ಲಿ ಅದಾಗಲೇ ಇನ್ನೊಂದು ವಸ್ತುವಿತ್ತು. ಮೊಟ್ಟೆ ಬೇಯಿಸಲೆಂದು ಇಟ್ಟ ಕರೆಂಟಿನ ಒಲೆ. ಅಡುಗೆಮನೆಯೊಳಗೆ ಮೊಟ್ಟೆ ಬರಕೂಡದು, ಆದರೆ ಎಸೆಯುವ ಹುಡುಗನ ಮೈಗೆ ಬಲ ಬೇಕು ಎಂದು ಆಕೆಯೇ ಮಾಡಿದ ಏರ್ಪಾಡು. ಜಗನ್ನಾಥರು ಬೆಳಗಿನ ಹೊತ್ತು ಕಾರು ಒರೆಸುವ ನೆಪದಲ್ಲಿ ಅಲ್ಲಿಗೆ ಹೋಗಿ ಒಂದು ಮೊಟ್ಟೆ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಆಕೆಗೆ ಗೊತ್ತಿರಲಿಲ್ಲ ಎಂದು ಜಗನ್ನಾಥರು ಮಾತ್ರ ನಂಬಿದ್ದಾರೆ.

ಆರನೆಯ ಬೇಸಿಗೆಯಲ್ಲಿ ಶಿನ್ಯಾನಿಗೆ ಮೂವತ್ತಮೂರು. ಜುಲೈ ತಿಂಗಳ ಒಂದು ಗುರುವಾರ ಅಡುಗೆಮನೆಗೆ ಬಂದು, ಯಾರಿಗಾದರೂ ಕೇಳಿಸೀತು ಎನ್ನುವ ಹಾಗೆ ಮೆಲ್ಲಗೆ ಹೇಳಿದ.

“ಆಂಟಿ, ಭಾನುವಾರ ಡೆಟ್ರಾಯಿಟ್‌ನಿಂದ ಸ್ಕೌಟ್ ಬರ್ತಾರೆ. ನನ್ನನ್ನ ನೋಡೋಕೆ.”

ಸ್ಕೌಟ್ ಅಂದರೆ ಆಟಗಾರರನ್ನು ಹುಡುಕಿಕೊಂಡು ಊರೂರು ಸುತ್ತುವ ದೊಡ್ಡ ತಂಡದ ಮನುಷ್ಯ. ಹದಿನೇಳು ವರ್ಷ ಎಸೆದ ಮೇಲೆ ಮೊದಲ ಸಲ ಒಬ್ಬ ಅವನಿಗಾಗಿಯೇ ಬರುತ್ತಿದ್ದ. ಈ ವಯಸ್ಸಿಗೆ ಇನ್ನೊಬ್ಬ ಬರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಇಂದುಮತಿಯವರು ಅಂದೇ ದೇವರಿಗೆ ತುಪ್ಪದ ದೀಪ ಹಚ್ಚಿ, ಗಂಡನಿಗೆ ಸುಮ್ಮಸುಮ್ಮನೆ ಗದರಿಕೊಂಡರು.

ಮಾರನೆಯ ದಿನ ದಿಬ್ಬದಲ್ಲಿದ್ದ ಒಂದು ಕಲ್ಲುಚೂರು ತಾಗಿ ಶಿನ್ಯಾನ ನಡುಬೆರಳಿನ ಗೆಣ್ಣು ಸುಲಿಯಿತು. ಗೆಣ್ಣು ತರಚುವುದು ಅವನಿಗೆ ಹೊಸದಲ್ಲ. ಈ ಸಲ ಮಾತ್ರ ಗಾಯ ಆಳವಾಗಿತ್ತು, ಭಾನುವಾರ ಬೆಳಗ್ಗೆಯೂ ಒಸರುತ್ತಿತ್ತು.

“ಪಟ್ಟಿ ಕಟ್ಟೋ ಹಾಗಿಲ್ಲ ಇಂದೂ, ಎಸೆಯೋ ಕೈಗೆ ಪಟ್ಟಿ ಕಟ್ಟಬಾರದು ಅಂತ ರೂಲ್ಸಿದೆ” ಅಂದರು ಜಗನ್ನಾಥರು. ಇಷ್ಟು ವರ್ಷದಲ್ಲಿ ಅವರು ನಿಯಮಗಳನ್ನು ಸುಮಾರಾಗಿ ಓದಿಕೊಂಡಿದ್ದರು. ಸುಮಾರಾಗಿ.

“ಪಟ್ಟಿ ತಾನೇ ಬೇಡ? ಅರಿಶಿನಕ್ಕೇನಂತೆ?” ಎಂದು ಇಂದುಮತಿಯವರು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಬಿಸಿ ಮಾಡಿ ತಂದರು. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಬಲಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

“ನೋಯತ್ತೇನೋ ಕಂದಾ?” ಎಂದರು. ಗೆಣ್ಣಿನ ಸುತ್ತ ಎರಡು ಪದರ ಹಚ್ಚಿ, ಊದಿ ಒಣಗಿಸಿದರು. ಜಗನ್ನಾಥರು ಅವನನ್ನು ಹತ್ತು ಗಂಟೆಗೆ ಮೈದಾನಕ್ಕೆ ಬಿಟ್ಟುಬಂದರು. ಒಂದು ಗಂಟೆಗೆ ಇಬ್ಬರೂ ಹೋಗಿ ಮೊದಲ ಸಾಲಿನಲ್ಲಿ ಕೂತರು.

ಶಿನ್ಯಾನನ್ನು ಕಣಕ್ಕಿಳಿಸಿದ್ದು ಪಂದ್ಯ ಅರ್ಧ ಮುಗಿದ ಮೇಲೆ. ಮೊದಲನೆಯ ಬ್ಯಾಟರ್ ಮೂರೇ ಎಸೆತಕ್ಕೆ ಔಟಾದ. ಎರಡನೆಯವನು ಒಂದು ಎಸೆತ ಬಿಟ್ಟು, ಹಿಂದಕ್ಕೆ ಸರಿದು, ಅಂಪೈರಿಗೆ ಏನೋ ಹೇಳಿದ. ಅಂಪೈರ್ ಚೆಂಡನ್ನು ಈಸಿಕೊಂಡು ಬಿಸಿಲಿಗೆ ಹಿಡಿದ. ಬಿಳಿಯ ಚೆಂಡಿನ ಮೇಲೆ ಒಂದು ಹಳದಿ ಗೀರು.

ಅಂಪೈರ್ ದಿಬ್ಬದ ತನಕ ನಡೆದು ಬಂದ, ಶಿನ್ಯಾನ ಕೈಯನ್ನು ಮಗುಚಿ ನೋಡಿದ, ಮೂಸಿದ. ಚೆಂಡಿಗೆ ಅಂಟು ಹತ್ತಲೆಂದು ಪಿಚರುಗಳು ಕೈಗೆ ಏನೇನೋ ಬಳಿದುಕೊಂಡು ಮೋಸ ಮಾಡುವುದು ಹೆಚ್ಚಿದ್ದರಿಂದ ಈಚೆಗೆ ಆ ನಿಯಮ ಬಿಗಿಯಾಗಿತ್ತು. ಎಸೆಯುವ ಕೈಯಲ್ಲಿ ಏನೂ ಇರಕೂಡದು, ಔಷಧವೂ ಸೇರಿ. ಅಂಪೈರ್ ಕೈಯೆತ್ತಿ ಹೊರಗೆ ತೋರಿಸಿದ. ಜನ ಹೋ ಎಂದು ಕೂಗಿದರು. ಶಿನ್ಯಾ ಒಂದು ಮಾತೂ ಆಡದೆ ಟೋಪಿ ತೆಗೆದು ಬಾಗಿ, ಮೈದಾನದಿಂದ ಹೊರಗೆ ನಡೆದ. ಸ್ಕೌಟ್ ನೋಡಿದ್ದು ಒಟ್ಟು ನಾಲ್ಕು ಎಸೆತ. ಹತ್ತು ಪಂದ್ಯಗಳ ನಿಷೇಧ ಬಿತ್ತು. ಡೆಟ್ರಾಯಿಟ್‌ನಿಂದ ಯಾರೂ ಕರೆಯಲಿಲ್ಲ.

ಕೈಗೆ ಹಚ್ಚಿದವರು ಯಾರು ಎಂದು ಮ್ಯಾನೇಜರ್ ಎಷ್ಟು ಕೇಳಿದರೂ ಅವನು, “ನನ್ನ ತಪ್ಪು” ಎಂದಷ್ಟೇ ಹೇಳಿದ. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ನಿಹಾರಿಕಾ ಮಾತ್ರ ಫೋನಿನಲ್ಲಿ, “ಅಮ್ಮಾ, ದಟ್ಸ್ ಚೀಟಿಂಗ್! ಯು ಕಾಂಟ್ ಜಸ್ಟ್ ಡೂ ದಟ್!” ಎಂದು ಕಿರುಚಿದಳು. ಇಂದುಮತಿಯವರು ಗಂಡನ ಬೆನ್ನು ಬಿದ್ದು ಲೀಗಿನ ಆಫೀಸಿಗೆ ಎರಡು ಪುಟದ ಕಾಗದ ಬರೆಸಿದರು. ತಪ್ಪು ತಮ್ಮದು, ಇದು ಮೋಸವಲ್ಲ, ಮನೆಮದ್ದು ಎಂದು ವಿವರಿಸಿ, ಬೇಕಾದರೆ ಪರೀಕ್ಷೆ ಮಾಡಿ ನೋಡಿ ಎಂದು ಒಂದು ಪೊಟ್ಟಣ ಅರಿಶಿನವನ್ನೂ ಲಕೋಟೆಯೊಳಗಿಟ್ಟು ಅಂಟಿಸಿದರು. ನಿಮ್ಮ ಕಾಳಜಿಗೆ ವಂದನೆಗಳು ಎಂದು ಒಂದು ಸಾಲಿನ ಉತ್ತರ ಬಂತು. ಸೆಪ್ಟೆಂಬರಿನಲ್ಲಿ ತಂಡದವರು ಶಿನ್ಯಾನಿಗೆ ಮುಂದಿನ ವರ್ಷ ಬರಬೇಡ ಅಂದರು.

ಅವನು ಹೊರಟ ದಿನ ಶಾಲು ಹೊದಿಸಲು ಆಕೆಗೆ ಕೈ ಬರಲಿಲ್ಲ. ಆ ಚಳಿಗಾಲವೆಲ್ಲ ಸಾರಿಗೆ ಅರಿಶಿನ ಹಾಕುವಾಗ ಚಮಚ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದರು. ಮಗನಿಲ್ಲದ ತಾನು ಯಾರದೋ ಮಗನನ್ನು ನಡುನೀರಿನಲ್ಲಿ ಬಿಟ್ಟೆ ಎಂಬ ಕೊರಗು ಬಿಡಲೇ ಇಲ್ಲ.

ಫೆಬ್ರವರಿಯಲ್ಲಿ ಶಿನ್ಯಾನ ಫೋನು ಬಂತು. ಜಗನ್ನಾಥರು ಮಾತಾಡಿ ಬಂದು ಸೋಫಾದ ಮೇಲೆ ಕೂತರು.

“ಆ ಸ್ಕೌಟು ಇವನನ್ನ ಮರೆತಿಲ್ವಂತೆ. ಡೆಟ್ರಾಯಿಟ್‌ನ ಸ್ಟೇಡಿಯಂನಲ್ಲಿ ಕೆಲಸ ಕೊಟ್ಟಿದಾರೆ. ವೀಸಾನೂ ಅವರೇ ನೋಡ್ಕೋತಾರೆ. ಅಲ್ಲೇ ಹತ್ತಿರ ಲಿವೋನಿಯಾದಲ್ಲಿ ಅಪಾರ್ಟ್‌ಮೆಂಟ್ ತಗೊಂಡಿದಾನೆ.”

“ಎಸೆಯೋ ಕೆಲಸ ತಾನೇ?” ಇಂದುಮತಿಯವರ ಮುಖ ಅರಳಿತು.

“ಎಸೆಯೋದೇ. ಆದರೆ ಪಂದ್ಯದಲ್ಲಲ್ಲ.” ಜಗನ್ನಾಥರು ಕನ್ನಡಕ ತೆಗೆದು ಒರೆಸಿಕೊಂಡರು. “ಎದುರಾಳಿ ತಂಡಗಳಲ್ಲಿ ಇವನ ಹಾಗೇ ಕೆಳಗಿಂದ ಎಸೆಯೋರು ಇಬ್ಬರು ಬಂದಿದಾರಂತೆ. ಅವರ ಚೆಂಡು ಹೊಡೆಯೋದನ್ನ ಇವರ ಬ್ಯಾಟರುಗಳು ಕಲೀಬೇಕಲ್ಲ? ಅದಕ್ಕೆ ಇವನು ದಿನಾ ಪ್ರಾಕ್ಟೀಸಲ್ಲಿ ಎಸೀಬೇಕು. ಅವರು ಹೊಡೀತಾರೆ.”

“ಅಂದ್ರೆ ಹೊಡೆಸಿಕೊಳ್ಳೋ ಕೆಲಸ.”

ಇಂದುಮತಿಯವರು ಒಳಗೆ ಹೋಗಿ ಅತ್ತರು. ಯಾರೂ ಹೊಡೆಯಬಾರದೆಂದು ಹದಿನೇಳು ವರ್ಷ ನೆಲಕ್ಕೆ ಕೈ ಸವೆಸಿದವನು ಈಗ ಎಲ್ಲರೂ ಹೊಡೆಯಲೆಂದು ಎಸೆಯಬೇಕು, ಅದೂ ತಾನು ಹಚ್ಚಿದ ಅರಿಶಿನದಿಂದ. ಭಾನುವಾರ ಅವನ ಫೋನು ಬಂದಾಗಲೆಲ್ಲ ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಗಂಡನ ಕೈಗೆ ಕೊಟ್ಟುಬಿಡುತ್ತಿದ್ದರು. ಆರು ತಿಂಗಳ ಕಾಲ ಆ ಮನೆಯಲ್ಲಿ ಪ್ರತಿ ಭಾನುವಾರ ಹಾಲು ಉಕ್ಕಿತು.

ಆಗಸ್ಟಿನಲ್ಲಿ ಜಗನ್ನಾಥರ ತಾಳ್ಮೆ ತಪ್ಪಿತು. “ನಾಳೆ ಡೆಟ್ರಾಯಿಟ್‌ಗೆ ಡ್ರೈವ್ ಮಾಡ್ತಿದೀನಿ. ನೀನು ಬರ್ತೀಯೋ, ಹಾಲು ಕಾಯಿಸ್ತೀಯೋ?” ಅಂದರು. ಮುನ್ನೂರು ಮೈಲಿಗೆ ಹತ್ತು ಮೈಲಿ ಕಡಿಮೆ. ಇಂದುಮತಿಯವರು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಕ್ಷಮಾಪಣೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಕಲಮಝೂ ದಾಟುವಾಗ ಚೆನ್ನಾಗಿಯೇ ಇತ್ತು, ಆ್ಯನ್ ಆರ್ಬರ್ ಬರುವಷ್ಟರಲ್ಲಿ ಅರ್ಧ ಮರೆತುಹೋಗಿತ್ತು.

ಸಂಜೆಯ ಪಂದ್ಯಕ್ಕೆ ಮೊದಲು, ನಾಲ್ಕು ಗಂಟೆಯ ಬಿಸಿಲಿನಲ್ಲಿ ಅಭ್ಯಾಸ. ಶಿನ್ಯಾ ಕೊಡಿಸಿದ್ದ ಪಾಸು ತೋರಿಸಿ ಇಬ್ಬರೂ ಮೈದಾನದ ಅಂಚಿನ ಗಿಡ್ಡ ಬೇಲಿಯ ಹತ್ತಿರ ನಿಂತರು. ಕುರ್ಚಿಗಳೆಲ್ಲ ಖಾಲಿ. ಒಂದು ಬಲೆಯ ಮರೆಯಲ್ಲಿ ಶಿನ್ಯಾ ಬಗ್ಗಿದ, ಇನ್ನೂ ಬಗ್ಗಿದ, ಧೂಳೆದ್ದಿತು. ಬ್ಯಾಟು ಟಕ್ಕೆಂದಿತು. ಚೆಂಡು ಹಾರಿ ದೂರದ ಖಾಲಿ ಸಾಲುಗಳಲ್ಲಿ ಬಿತ್ತು. ಮತ್ತೆ ಬಗ್ಗಿದ, ಮತ್ತೆ ಟಕ್. ಮೂವತ್ತು, ನಲವತ್ತು ಸಲ. ಪ್ರತಿ ಸದ್ದಿಗೂ ಇಂದುಮತಿಯವರು ತಮಗೇ ಏಟು ಬಿದ್ದ ಹಾಗೆ ಕಣ್ಣು ಮುಚ್ಚಿದರು.

ಬ್ಯಾಟರುಗಳು ಬದಲಾಗುವ ಬಿಡುವಿನಲ್ಲಿ ಶಿನ್ಯಾ ಓಡುತ್ತಾ ಬೇಲಿಯ ಹತ್ತಿರ ಬಂದ. ಬೆವರಿದ್ದ, ನಗುತ್ತಿದ್ದ.

“ಆಂಟಿ, ಊಟ ಆಯ್ತಾ?”

ಜೋಡಿಸಿಟ್ಟ ಇಂಗ್ಲಿಷೆಲ್ಲ ಎಲ್ಲಿಗೋ ಹೋಯಿತು. “ನಿನ್ನ ಚಾನ್ಸ್ ನಾನೇ ಹಾಳು ಮಾಡಿದೆ ಕಣೋ ಶಿನ್ಯಾ” ಅಂದರು ಇಂದುಮತಿಯವರು. “ಆ ಅರಿಶಿನ ಹಚ್ಚದೇ ಇದ್ದಿದ್ರೆ ನೀನು ಇವತ್ತು ಆ ದಿಬ್ಬದ ಮೇಲೆ ಇರ್ತಿದ್ದೆ. ಹೀಗೆ ಹೊಡೆಸ್ಕೊಳ್ತಾ ಅಲ್ಲ.” ಜಗನ್ನಾಥರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಕೊನೆಯ ಮಾತೊಂದನ್ನು ಬಿಟ್ಟು.

ಶಿನ್ಯಾ ಟೋಪಿ ತೆಗೆದ. ಎಂದಿನಂತೆ ಮೌನಕ್ಕೆ ಜಾರಿದನೆಂದೇ ಇಬ್ಬರೂ ಅಂದುಕೊಂಡರು.

“ಸ್ಕೌಟ್‌ನ ಕೇಳಿದೆ” ಅಂದ ಅವನು ನಿಧಾನವಾಗಿ. “ಅವತ್ತು ಪೂರ್ತಿ ಎಸೆದಿದ್ರೆ ತಗೋತಿದ್ರಾ ಅಂತ. ಗೊತ್ತಿಲ್ಲ ಅಂದ್ರು. ನನಗೂ ಗೊತ್ತಿಲ್ಲ. ಆದರೆ ಆಂಟಿ, ರೂಲ್ ನನಗೆ ಗೊತ್ತಿತ್ತು. ಹದಿನೇಳು ವರ್ಷ ಎಸೆದವನಿಗೆ ಗೊತ್ತಿರಲ್ವಾ?”

“ಮತ್ತೆ ತೊಳ್ಕೋಬಾರದಾಗಿತ್ತಾ!”

“ತೊಳೆಯೋಕೆ ಅಂತಾನೇ ಹೋದೆ. ನಲ್ಲಿ ತಿರುಗಿಸಿದೆ.” ಅವನು ತನ್ನ ಬಲಗೈಯನ್ನು ನೋಡಿಕೊಂಡ. “ಈ ಕೈಯನ್ನ ಎಷ್ಟೋ ಜನ ಹಿಡಿದು ನೋಡಿದಾರೆ. ಕೋಚ್, ಡಾಕ್ಟರ್, ಮ್ಯಾನೇಜರ್. ಎಲ್ಲರೂ ಕೇಳಿದ್ದು ಒಂದೇ, ನಾಳೆ ಎಸೆಯೋಕಾಗುತ್ತಾ ಅಂತ. ಅವತ್ತು ನೀವು ಕೈ ಹಿಡ್ಕೊಂಡು ಕನ್ನಡದಲ್ಲಿ ಏನೋ ಕೇಳಿದ್ರಿ. ನನಗೆ ತಿಳೀಲಿಲ್ಲ. ಕಾರಲ್ಲಿ ಹೋಗ್ತಾ ಅಂಕಲ್‌ನ ಕೇಳಿದೆ. ನೋಯುತ್ತಾ ಅಂತ ಕೇಳಿದ್ದು ಅಂದ್ರು. ಅಮ್ಮ ಹೋದ ಮೇಲೆ ನನ್ನನ್ನ ಯಾರೂ ಅದನ್ನ ಕೇಳಿರಲಿಲ್ಲ. ನಲ್ಲಿ ನಿಲ್ಲಿಸಿಬಿಟ್ಟೆ, ಆಂಟಿ. ತೊಳೆಯೋಕೆ ಮನಸ್ಸು ಬರಲಿಲ್ಲ.”

ಇಂದುಮತಿಯವರು ಬೇಲಿಯ ಮೇಲಿನಿಂದ ಎರಡೂ ಕೈ ಚಾಚಿ ಅವನ ಬಲಗೈಯನ್ನು ಎಳೆದುಕೊಂಡರು. ಗೆಣ್ಣಿನ ಮೇಲೆ ಹೊಸದೊಂದು ಗಾಯ ಕೆಂಪಗೆ ಕಾಣುತ್ತಿತ್ತು.

“ನೋಯತ್ತೇನೋ?”

“ನೋಯತ್ತೆ” ಅಂದ ಶಿನ್ಯಾ, ಕನ್ನಡದಲ್ಲೇ.

ಹಚ್ಚಲು ಆಕೆಯ ಬಳಿ ಏನೂ ಇರಲಿಲ್ಲ. ಮೈದಾನದ ನಡುವಿನಿಂದ ಯಾರೋ ಅವನ ಹೆಸರು ಹಿಡಿದು ಕೂಗುವವರೆಗೂ ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದರು.